ಸತ್ಯಾಂಶ: ಬೀಡಿ ದಿಢೀರ್ ಬಿಟ್ಟರೆ ಹೃದಯ ನಿಲ್ಲುತ್ತಾ?

“ಮೂವತ್ತು ವರ್ಷ ಸೇದಿದವರು ಆಸ್ಪತ್ರೆಯಲ್ಲಿ ಒಮ್ಮೆಗೇ ಬೀಡಿ ಬಿಟ್ಟರೆ ಹೃದಯ ನಿಲ್ಲುತ್ತೆ, ದಿನಕ್ಕೆರಡಾದರೂ ಸೇದಲಿ” ಅನ್ನೋ ವಾಟ್ಸಾಪ್ ಮೆಸೇಜ್ ಮಂಡ್ಯದ ನಮ್ಮ ನೆಂಟರ ಗ್ರೂಪಿಗೂ ಬಂತು. ಸುಳ್ಳು. ಬಿಟ್ಟ ಸುಮಾರು 12 ಗಂಟೆಯಲ್ಲೇ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ (ಬೀಡಿ ಹೊಗೆಯಲ್ಲಿರೋ ವಿಷಾನಿಲ) ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ, ಹೃದಯಕ್ಕೆ ಆಮ್ಲಜನಕ ಜಾಸ್ತಿ ಸಿಗುತ್ತದೆ, ಆಪರೇಷನ್ ಗಾಯ ಮಾಯೋದಕ್ಕೂ ಒಳ್ಳೆಯದು.

ಹಾಗಾದರೆ ಬೀಡಿ ಬಿಟ್ಟು ವಾರ್ಡಿನಲ್ಲಿ ಮಲಗಿರೋ ಮಾವ ಯಾಕೆ ಸಿಡಿಮಿಡಿ ಅಂತಾರೆ, ನಿದ್ದೆ ಬಿಟ್ಟು ಖಾಲಿ ಜೇಬು ತಡಕಾಡ್ತಾರೆ? ಅದು ನಿಕೋಟಿನ್ (ತಂಬಾಕಿನಲ್ಲಿ ಚಟ ಹಿಡಿಸೋ ಅಂಶ) ಸಿಗದ ಒದ್ದಾಟ, ಅಷ್ಟೇ. ಮೊದಲ ವಾರ ಜೋರು, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಪಾಪ ಅಂತ ಗೇಟಿನಾಚೆಯ ಟೀ ಅಂಗಡಿಗೆ ಕರೆದುಕೊಂಡು ಹೋಗಬೇಡಿ, ರೌಂಡ್ಸಿಗೆ ಬಂದ ಡಾಕ್ಟರಿಗೆ ಹೇಳಿ. ನಿಕೋಟಿನ್ ಗಮ್ ಕೊಟ್ಟರೆ ಸುಮ್ನೆ ಬಬಲ್ ಗಮ್ ಥರ ಅಗಿಯೋದಲ್ಲ, ಖಾರ ಬಂದ ತಕ್ಷಣ ನಿಲ್ಲಿಸಿ ಕೆನ್ನೆಯೊಳಗೆ ಒತ್ತಿಟ್ಟುಕೊಳ್ಳಬೇಕು. ಮನೆಗೆ ಬಂದ ಮೇಲೆ ತಂಬಾಕು ಬಿಡೋಕೆ ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿಸಿ. ಕಾಸಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.