ಸತ್ಯಾಂಶ: ಎಂಒಯು ಆದ ತಕ್ಷಣ ಫಾರಿನ್ ಡಿಗ್ರಿ ಸಿಗುತ್ತದಾ?

‘ನಮ್ಮೂರ ಕಾಲೇಜು ವಿದೇಶಿ ವಿವಿ ಜೊತೆ ಎಂಒಯು ಮಾಡಿಕೊಂಡಿದೆ, ಇನ್ನು ಇಲ್ಲೇ ಕೂತು ಫಾರಿನ್ ಡಿಗ್ರಿ!’ ಈ ಮೆಸೇಜ್ ನಿಮಗೂ ಬಂದಿರಬಹುದು, ಅಲ್ವಾ? ಹಾಗಲ್ಲ. ಎಂಒಯು ಅಂದರೆ ಒಟ್ಟಿಗೆ ಕೆಲಸ ಮಾಡೋಣ ಎಂಬ ಒಪ್ಪಿಗೆ ಅಷ್ಟೇ. ಶಾಲು, ಹಾರ, ಫೋಟೋದಲ್ಲೇ ಅದು ಮುಗಿದೂ ಹೋಗಬಹುದು. ವಿದೇಶಿ ವಿವಿ ಜೊತೆ ಸೇರಿ ಕೋರ್ಸ್ ನಡೆಸಲು ಉನ್ನತ ಶಿಕ್ಷಣದ ನಿಯಂತ್ರಣ ಸಂಸ್ಥೆ ಯುಜಿಸಿಯ 2022ರ ನಿಯಮದಲ್ಲಿ ಮೂರು ದಾರಿಗಳಿವೆ. ಟ್ವಿನ್ನಿಂಗ್‌ನಲ್ಲಿ ಒಟ್ಟು ಕ್ರೆಡಿಟ್‌ನ (ಕೋರ್ಸಿನ ಓದನ್ನು ಅಳೆಯುವ ಅಂಕ) ಶೇ 30ರವರೆಗೆ ವಿದೇಶಿ ವಿವಿಗೆ ಹೋಗಿ ಓದಿ ಬಂದರೂ ಡಿಗ್ರಿ ಕೊಡುವುದು ಭಾರತದ ಸಂಸ್ಥೆ ಮಾತ್ರ. ಜಾಯಿಂಟ್ ಡಿಗ್ರಿಗೆ ಎರಡೂ ಕಡೆ ಕನಿಷ್ಠ ಶೇ 30 ಕ್ರೆಡಿಟ್ ಬೇಕು, ಸರ್ಟಿಫಿಕೇಟ್ ಒಂದೇ, ಅದರಲ್ಲಿ ಎರಡೂ ಲಾಂಛನ. ಡ್ಯುಯಲ್ ಡಿಗ್ರಿಯಲ್ಲಷ್ಟೇ ಎರಡೂ ಸಂಸ್ಥೆಗಳಿಂದ ಪ್ರತ್ಯೇಕ ಡಿಗ್ರಿ. ಆನ್‌ಲೈನ್ ಕೋರ್ಸುಗಳು ಈ ನಿಯಮದಡಿ ಬರುವುದೇ ಇಲ್ಲ. ಫೀಸ್ ಕಟ್ಟುವ ಮುಂಚೆ ‘ಸರ್, ಇದು ಮೂರರಲ್ಲಿ ಯಾವುದು?’ ಅಂತ ಕೇಳಿ.