ಲಲಿತಾಜಿ ಪೊಲೀಸ್ ಆದ ಕಥೆ

ಎಂಬತ್ತರ ದಶಕದಲ್ಲಿ ನಮ್ಮ ಮನೆಯ ದಿನಸಿ ಚೀಟಿ ಬರೆಯುತ್ತಿದ್ದವರು ಅಮ್ಮ. ಅದಕ್ಕೆ ಒಪ್ಪಿಗೆ ಕೊಡುತ್ತಿದ್ದವರು ಮಾತ್ರ ಟಿವಿಯೊಳಗಿನ ಲಲಿತಾಜಿ. ಸರ್ಫ್ ಜಾಹೀರಾತಿನ ಆ ಹೆಂಗಸು ಗೊತ್ತಲ್ವಾ? ನೀಟಾಗಿ ಸೀರೆ ಉಟ್ಟು, ಮುಖ ಬಿಗಿದುಕೊಂಡು ತರಕಾರಿ ಚೌಕಾಸಿ ಮಾಡೋರು. ಅಗ್ಗದ ವಸ್ತುವೇ ಬೇರೆ, ಒಳ್ಳೆ ವಸ್ತುವೇ ಬೇರೆ ಅಂತ ಹಿಂದಿಯಲ್ಲಿ ಗದರಿಸೋರು. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಅನ್ನೋದು ಅವರ ಲೆಕ್ಕ. ನಮ್ಮನೇಲಿ ಯಾರಿಗೂ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಬೈಸಿಕೊಂಡಿದ್ದು ಪೂರ್ತಿ ಅರ್ಥವಾಗುತ್ತಿತ್ತು.

ಲಲಿತಾಜಿಗೆ ಅಷ್ಟು ಸಿಟ್ಟು ಬರೋದಕ್ಕೂ ಕಾರಣವಿತ್ತು. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಶುರು ಮಾಡಿದ ನಿರ್ಮಾ ಪುಡಿ ಅಷ್ಟರಲ್ಲಿ ಊರೂರು ತಲುಪಿತ್ತು. ಬೆಲೆ ತುಂಬಾ ಕಡಿಮೆ. ಅದನ್ನು ಎದುರಿಸೋಕೆ ಜಾಹೀರಾತು ಲೋಕದ ಅಲೀಕ್ ಪದಮ್ಸಿ ಹುಟ್ಟುಹಾಕಿದ ಪಾತ್ರವೇ ಲಲಿತಾಜಿ. ಮನೇಲಿ ಕಾರು ಇಟ್ಟುಕೊಂಡೂ ತರಕಾರಿಗೆ ಚೌಕಾಸಿ ಮಾಡುತ್ತಿದ್ದ ತಮ್ಮ ತಾಯಿಯೇ ಆ ಪಾತ್ರಕ್ಕೆ ಮಾದರಿ ಅಂತ ಅವರೇ ಹೇಳಿಕೊಂಡಿದ್ದರು. ಅಂಥ ತಾಯಂದಿರು ನಮ್ಮ ಬೀದಿಯಲ್ಲಿ ಮನೆಗೊಬ್ಬರು ಇದ್ದರು, ಕಾರು ಒಂದು ಇರಲಿಲ್ಲ ಅಷ್ಟೇ.

ಅಕ್ಕ ಮಾತ್ರ ನಿರ್ಮಾ ಪಕ್ಷ. ಪೊಟ್ಟಣದ ಮೇಲಿನ ಬಿಳಿ ಫ್ರಾಕಿನ ಹುಡುಗಿ ಥರ ಗಿರಗಿರ ತಿರುಗೋದು ಅವಳ ನಿತ್ಯದ ವ್ಯಾಯಾಮ. ಒಂದು ಭಾನುವಾರ ರಾಮಾಯಣಕ್ಕೆ ಮೊದಲು ಆ ಹಾಡು ಬಂತು. ಇವಳು ಬಿಳಿ ಫ್ರಾಕಿನಲ್ಲೇ ಎದ್ದು ತಿರುಗಿದಳು. ತಿರುಗಿದ ರಭಸಕ್ಕೆ ಅಜ್ಜಿಯ ಎಲೆ ಅಡಿಕೆ ಉಗುಳೋ ಪೀಕದಾನಿಗೆ ಕಾಲು ತಾಗಿತು. ಮುಂದಿನದ್ದನ್ನು ನಾನು ವರ್ಣಿಸೋಲ್ಲ. ಭಕ್ತಿಯಿಂದ ಕೈಮುಗಿದು ಕೂತಿದ್ದ ಪಕ್ಕದ ಮನೆಯವರೆಲ್ಲ ಧಡಕ್ಕನೆ ಎದ್ದು ಗೋಡೆಗೆ ಅಂಟಿಕೊಂಡರು. ಅಮ್ಮ ಅವತ್ತು ನಿರ್ಮಾ ಹುಡುಗಿಯ ಫ್ರಾಕನ್ನು ಲಲಿತಾಜಿಯ ಪುಡಿಯಲ್ಲಿ ನೆನೆಹಾಕಿದರು.

ಅಜ್ಜಿಗೆ ಲಲಿತಾಜಿ ಅಂದ್ರೆ ವಿಶೇಷ ಮಮತೆ. 'ಬಾಯಿ ಜೋರು, ಆದ್ರೆ ಲೆಕ್ಕ ಪಕ್ಕಾ. ಇಂಥ ಸೊಸೆ ಬಂದ್ರೆ ಮನೆ ಉದ್ಧಾರ' ಅನ್ನೋರು, ಅಮ್ಮನಿಗೆ ಕೇಳೋ ಹಾಗೇ. ಆಮೇಲೆ 1989ರಲ್ಲಿ 'ಉಡಾನ್' ಧಾರಾವಾಹಿ ಶುರುವಾಯಿತು. ಅದರಲ್ಲಿ ಐಪಿಎಸ್ ಅಧಿಕಾರಿ ಆಗೋ ಕಲ್ಯಾಣಿ ಕೂಡ ಲಲಿತಾಜಿ ಪಾತ್ರ ಮಾಡಿದ್ದ ಅದೇ ನಟಿ, ಕವಿತಾ ಚೌಧರಿ. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ನೋಡಿ, ಊರಿಗೆಲ್ಲ ಸುದ್ದಿ ಹಬ್ಬಿಸಿದರು: 'ಪಾಪ, ಸಬ್ಬೀನ ಪುಡಿ ಮಾರ್ಕೊಂಡೇ ಓದಿ ಪೊಲೀಸ್ ಆದ್ಳು ಕಣ್ರೇ!' ಓದದೆ ಅಲೆಯುತ್ತಿದ್ದ ನಮ್ಮ ಸೋದರಮಾವನಿಗೆ ಇದೇ ಉದಾಹರಣೆ ಕೊಟ್ಟು ಕೊಟ್ಟು ಆತ ಊಟಕ್ಕೆ ಮನೆಗೆ ಬರೋದೇ ಕಡಿಮೆ ಮಾಡಿದ. ನಿಜ ಏನಂದ್ರೆ, ಕವಿತಾ ಆ ಧಾರಾವಾಹಿ ಬರೆದು ನಿರ್ದೇಶಿಸಿದ್ದು ತಮ್ಮ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಬದುಕನ್ನು ನೋಡಿ. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಡಿಜಿಪಿ ಆದರು. ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ಕವಿತಾ 2024ರಲ್ಲಿ ತೀರಿಕೊಂಡಾಗ ಪೇಪರುಗಳೆಲ್ಲ ಲಲಿತಾಜಿಯನ್ನೇ ಮೊದಲು ನೆನೆದವು.

ಇನ್ನು ಓನಿಡಾ ಟಿವಿಯ ಭೂತ. ಬೋಳುತಲೆ, ಕೊಂಬು, ಬಾಲ, ಹಸಿರು ಮೈ. ನೆರೆಯವರ ಹೊಟ್ಟೆಕಿಚ್ಚು, ಕೊಂಡವರ ಹೆಮ್ಮೆ ಅಂತ ಇಂಗ್ಲಿಷಿನಲ್ಲಿ ಹೇಳಿ ಹಲ್ಲು ಕಿರಿಯುತ್ತಿದ್ದ. ಜನರಿಗೆ ಹೊಟ್ಟೆಕಿಚ್ಚು ಬರುತ್ತೆ ಅಂತ ಬಾಯಿಬಿಟ್ಟು ಹೇಳಿ ಮಾಲು ಮಾರಿದ ಧೈರ್ಯ ನೋಡಿ! ನಮ್ಮ ಮನೆ ಓನರಮ್ಮ ಆ ಟಿವಿ ಕೊಂಡ ದಿನವೇ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಮಹಡಿ ಮೇಲಿನ ಆಂಟೆನಾಗೆ ಕಟ್ಟಿದರು. ಸುಮ್ನೆ ಯಾಕೆ ರಿಸ್ಕು ಅಂತ. ಅಲ್ಲಿಂದ ಚಿತ್ರ ಮಸುಕಾದಾಗಲೆಲ್ಲ ಅವರಿಗೆ ನಮ್ಮ ಮೇಲೇ ಅನುಮಾನ.

ಆ ಭೂತದಿಂದ ಜಾಸ್ತಿ ಪೆಟ್ಟು ತಿಂದವನು ನನ್ನ ತಮ್ಮ. ಸ್ಕೂಲ್ ಡೇಗೆ ಫ್ಯಾನ್ಸಿ ಡ್ರೆಸ್ ಸ್ಪರ್ಧೆ ಇತ್ತು. ವರ್ಷಾ ವರ್ಷಾ ಗಾಂಧಿ, ನೆಹರೂ, ಕಿತ್ತೂರು ಚೆನ್ನಮ್ಮರೇ ಸಾಲಾಗಿ ಬರೋ ಸ್ಪರ್ಧೆ. ಈ ಸಲ ಹೊಸದು ಅಂತ ಇವನಿಗೆ ಓನಿಡಾ ಭೂತದ ವೇಷ. ರಂಗೋಲಿಯ ಹಸಿರು ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಚಿಕ್ಕಮ್ಮ ಮೈತುಂಬ ಬಳಿದರು. ಬಾಲಕ್ಕೆ ಬಾವಿ ಹಗ್ಗದ ತುಂಡು. ಸ್ಕೂಲಿಗೆ ಹೋಗೋ ದಾರಿಯಲ್ಲಿ ಆಟೊದ ಸೀಟು, ಡ್ರೈವರಣ್ಣನ ಖಾಕಿ ಷರ್ಟು, ಅಪ್ಪನ ಪಂಚೆ ಎಲ್ಲ ಹಸಿರಾದವು. ವೇದಿಕೆ ಹತ್ತುವಾಗ ಹಿಂದಿದ್ದ ಪುಟ್ಟ ಗಾಂಧೀಜಿ ಬಾಲ ತುಳಿದರು. ತಮ್ಮ ಮುಗ್ಗರಿಸಿ ಬಿದ್ದು 'ಅಮ್ಮಾ' ಅಂತ ಕಿರುಚಿದ. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಮೇಷ್ಟ್ರ ಮನೆಯಲ್ಲಿ ಟಿವಿ ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು 'ಭೇಷ್! ಸಾಯೋ ಘಟೋತ್ಕಚನ ಅಭಿನಯ' ಅಂತ ಹೊಗಳಿ ಎರಡನೇ ಬಹುಮಾನ ಕೊಟ್ಟರು. ಸ್ಟೀಲ್ ಡಬ್ಬಿ. ಎಣ್ಣೆ ಕುಡಿದ ಬಣ್ಣ ಕಿವಿಯ ಮಡಿಕೆಗಳಿಂದ ಬೇಗ ಬಿಡಲೇ ಇಲ್ಲ. ಆ ವಾರವೇ ತೆಗೆದ ಕ್ಲಾಸ್ ಫೋಟೊ ಕಪ್ಪು ಬಿಳುಪಿನದಾಗಿದ್ದರಿಂದ ಮನೆತನದ ಮಾನ ಉಳಿಯಿತು.

ಇವತ್ತಿನ ಜಾಹೀರಾತುಗಳಲ್ಲಿ ಇಂಥವರು ಯಾರಿದ್ದಾರೆ ಹೇಳಿ? ಒಬ್ಬನೇ ಹೀರೋ ಬೆಳಿಗ್ಗೆ ಸಿಮೆಂಟು ಮಾರಿ, ಮಧ್ಯಾಹ್ನ ಬನಿಯನ್ನು ತೋರಿಸಿ, ರಾತ್ರಿ ಚಿನ್ನ ಅಡ ಇಡಿ ಅನ್ನುತ್ತಾನೆ. ಯಾವುದನ್ನು ನಂಬೋದು? ಲಲಿತಾಜಿಗೆ ಬೇರೆ ವ್ಯಾಪಾರ ಇರಲಿಲ್ಲ. ಏಷ್ಯನ್ ಪೇಂಟ್ಸ್‌ನ ಗಟ್ಟುವಿಗೂ ಅಷ್ಟೇ, ಬಣ್ಣ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಹಣೆ ಮೇಲೆ ಕೂದಲು ಇಳಿಬಿಟ್ಟ ಆ ತುಂಟನನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅನ್ನೋದು ನನಗೆ ಇವತ್ತಿಗೂ ಜಂಬದ ವಿಷಯ.

ನನ್ನ ಪ್ರಕಾರ ಈ ಪರಂಪರೆಯ ಕೊನೆಯ ಕುಡಿಗಳು ವೊಡಾಫೋನಿನ ಝೂಝೂಗಳು. 2009ರ ಐಪಿಎಲ್ ಹೊತ್ತಿಗೆ ಬಂದ ಮೊಟ್ಟೆತಲೆಯ ಬಿಳಿ ಬೊಂಬೆಗಳು. ಅವು ಕಾರ್ಟೂನ್ ಅಲ್ಲ, ಬಿಳಿ ಬಟ್ಟೆ ತೊಟ್ಟ ನಿಜವಾದ ಮನುಷ್ಯರು. ಚಿತ್ರೀಕರಿಸಿದ್ದು ನಮ್ಮ ಬೆಂಗಳೂರಿನ ನಿರ್ವಾಣ ಫಿಲಂಸ್, ಜಾಗ ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ಇದನ್ನು ನಮ್ಮ ಮಾವನವರಿಗೆ ಒಪ್ಪಿಸೋಕೆ ಇವತ್ತಿಗೂ ಆಗಿಲ್ಲ. 'ಎಲ್ಲಾ ಕಂಪ್ಯೂಟರ್ ಕಣಯ್ಯ, ಮನುಷ್ಯರಿಗೆ ಅಷ್ಟು ಸಣ್ಣ ಕಾಲು ಇರುತ್ತಾ?' ಅನ್ನುತ್ತಾರೆ. ಮೊನ್ನೆ ಹಬ್ಬಕ್ಕೆ ಬಂದಿದ್ದಾಗ ಶೂಟಿಂಗಿನ ವಿಡಿಯೋವನ್ನೇ ಹುಡುಕಿ ತೋರಿಸಿದೆ. ಬಿಳಿ ವೇಷದೊಳಗೆ ಜನ ತೂರಿಕೊಳ್ಳೋದು ಅದರಲ್ಲಿ ಸ್ಪಷ್ಟವಾಗಿತ್ತು. ಮಾವ ಫೋನನ್ನು ಕಣ್ಣ ಹತ್ತಿರ ತಂದುಕೊಂಡು ಕೊನೆಯವರೆಗೂ ನೋಡಿದರು. ವಾಪಸ್ ಕೊಡುತ್ತಾ ಹೇಳಿದರು: 'ಈ ವಿಡಿಯೋನೂ ಎಐನಲ್ಲಿ ಮಾಡಿರೋದು. ಕಾಫಿ ಆಯ್ತಾ ಕೇಳು.'