ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಂದು ಮಾತು ಕೇಳಿ

"ಫಾರ್ಮ್ಯಾಟ್ ಹೊಡೆದುಬಿಡೋಣ ಆಂಟಿ, ಹೊಸದರ ಥರ ಆಗುತ್ತೆ." ಚಿಕ್ಕಮ್ಮನ ಮನೆ ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗನ ಬಾಯಲ್ಲಿ ಇವತ್ತು ಬಂದ ಮೊದಲ ಮಾತೇ ಇದು. ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿ ಇರೋದೆಲ್ಲಾ ಅಳಿಸೋದು. ಒಳಗೆ ಏನಿದೆ ಅಂತ ಕೇಳಲೇ ಇಲ್ಲ. ಚಿಕ್ಕಮ್ಮ ಆಗಲೇ "ಏನೋ ಒಂದು ಮಾಡಪ್ಪಾ" ಅಂದಿದ್ದರು. ತೀರಿಹೋದ ಚಿಕ್ಕಪ್ಪ ಹಾಡಿದ ರೆಕಾರ್ಡಿಂಗ್‌ಗಳು ಇರೋದು ಅದೊಂದರಲ್ಲೇ. ನಾನು ಅಡ್ಡ ಬಂದು ನಿಲ್ಲಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ವಿಂಡೋಸ್ ಕೆಡೋದು ಬೇರೆ, ಡಿಸ್ಕ್ ಕೆಡೋದು ಬೇರೆ. ನೀಲಿ ಪರದೆ ಬಂದು ನಿಂತರೆ ಬಹಳ ಸಲ ಒಳಗಿನ ಫೈಲ್‌ಗಳಿಗೆ ಏನೂ ಆಗಿರೋದಿಲ್ಲ. ಕೆಲಸದವರಿಗೆ ಇದು ಗೊತ್ತಿರುತ್ತೆ. ಆದರೂ ಮೊದಲು ಫಾರ್ಮ್ಯಾಟ್! ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ನಾನು ಮಾಡಿದ್ದು ಇಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿದೆ. ಚಿಕ್ಕಮ್ಮನ ಕಂಪ್ಯೂಟರನ್ನು ಆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದೆ, ಅಂದರೆ ಒಳಗಿನ ವಿಂಡೋಸ್ ಬಿಟ್ಟು ಅದರಿಂದ ಶುರು ಮಾಡಿದೆ. ಇನ್‌ಸ್ಟಾಲ್ ಒತ್ತದೆ, ಸುಮ್ನೆ ನೋಡುವ 'ಟ್ರೈ' ಆಯ್ಕೆ ಒತ್ತಿದೆ. ಡಿಸ್ಕ್ ಕಾಣಿಸಿತು. ಅದರಲ್ಲಿ 'ಯೂಸರ್ಸ್' ಫೋಲ್ಡರ್, ಅದರೊಳಗೆ ಚಿಕ್ಕಪ್ಪನ ಹೆಸರು, ಅದರೊಳಗೆ 'ಮ್ಯೂಸಿಕ್'. ಎಲ್ಲಾ ಇದ್ದಲ್ಲೇ ಇತ್ತು. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿಂದ ಒಂದೊಂದನ್ನೂ ತೆರೆದು ಕೇಳಿ ನೋಡಿದೆವು. ತೆರೆದು ನೋಡದೆ ಕಾಪಿ ಆಯ್ತು ಅಂತ ಹೇಳಬಾರದು. ಒಂದು ಹಾಡಿನ ನಡುವೆ ಚಿಕ್ಕಪ್ಪ ಕೆಮ್ಮಿ, "ಮತ್ತೆ ಶುರು ಮಾಡ್ತೀನಿ" ಅಂತಾರೆ. ಚಿಕ್ಕಮ್ಮ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು.

ಇದನ್ನು ಕೇಳಿದ ಸಂಬಂಧಿಕರೊಬ್ಬರು "ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು" ಅಂದರು. ಸರಿ, ಇಡಬೇಕಿತ್ತು. ಆದರೆ ಬ್ಯಾಕಪ್ ಇಲ್ಲದವರ ಫೈಲ್‌ಗಳನ್ನು ಅಳಿಸಬಹುದು ಅಂತ ಎಲ್ಲಿದೆ? ಬ್ಯಾಕಪ್ ಇಲ್ಲ ಅಂತಾದಾಗಲೇ ಅಲ್ವಾ ಜಾಸ್ತಿ ಹುಷಾರಾಗಿರಬೇಕಾದ್ದು?

"ಫಾರ್ಮ್ಯಾಟ್ ಆದ ಮೇಲೂ ರಿಕವರಿ ಮಾಡಬಹುದು" ಅನ್ನೋ ಮಾತನ್ನೂ ನಂಬಿ ಕೂರಬೇಡಿ. ಕ್ವಿಕ್ ಫಾರ್ಮ್ಯಾಟ್ (ಫೈಲ್‌ಗಳ ಪಟ್ಟಿ ಮಾತ್ರ ಅಳಿಸೋದು) ಆದ ಹಳೇ ಥರದ ಹಾರ್ಡ್‌ಡಿಸ್ಕ್‌ನಲ್ಲಿ ಫೋಟೋರೆಕ್‌ನಂಥ ಸಾಫ್ಟ್‌ವೇರ್ ಹುಡುಕಿ ತೆಗೆಯಬಹುದು. ಆದರೆ ಫೈಲ್‌ಗಳ ಹೆಸರು, ಫೋಲ್ಡರ್ ಎಲ್ಲಾ ಹೋಗಿರುತ್ತೆ. ಫುಲ್ ಫಾರ್ಮ್ಯಾಟ್ ಅಂದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಡಿಸ್ಕ್ ಪೂರ್ತಿ ಸೊನ್ನೆ ತುಂಬಿಬಿಡುತ್ತೆ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಹೊಸ ಥರದ ಡಿಸ್ಕ್) ಇದ್ದರಂತೂ ಟ್ರಿಮ್ ಅನ್ನೋ ವ್ಯವಸ್ಥೆ ಅಳಿಸಿದ ಜಾಗವನ್ನು ತಾನೇ ಖಾಲಿ ಮಾಡಿಕೊಳ್ಳುತ್ತೆ. ಹೋದದ್ದು ಹೋದದ್ದೇ.

ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರ್ತಿದ್ದರೆ ಮಾತ್ರ ಮೇಲೆ ಹೇಳಿದ್ದು ಯಾವುದೂ ಬೇಡ. ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಡಿಸ್ಕ್ ಪರೀಕ್ಷಿಸಿ ಸರಿಮಾಡುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಬೇಡಿ, ಯಾರೋ ಹೇಳಿದರು ಅಂತ ಫ್ರೀಜರ್‌ನಲ್ಲಿ ಇಡಬೇಡಿ. ಒಳಗೆ ನೀರಿನ ಪಸೆ ಕೂತು ಇನ್ನಷ್ಟು ಕೆಡುತ್ತೆ. ಅಂಥದ್ದನ್ನು ಡೇಟಾ ರಿಕವರಿ ಮಾಡುವವರ ಕೈಗೇ ಕೊಡಬೇಕು.

ಇದನ್ನು ಓದುವವರಲ್ಲಿ ರಿಪೇರಿ ಮಾಡುವ ಸ್ನೇಹಿತರೂ ಇದ್ದೀರಿ. ದಯವಿಟ್ಟು, "ಇದರಲ್ಲಿ ಬೇಕಾದ್ದು ಏನಿದೆ?" ಅಂತ ಮೊದಲು ಕೇಳಿ. "ಏನೂ ಇಲ್ಲ" ಅಂದರೂ ಫೋಲ್ಡರ್ ತೆರೆದು ತೋರಿಸಿ ಇನ್ನೊಮ್ಮೆ ಕೇಳಿ. ವಯಸ್ಸಾದವರಿಗೆ ಏನು ಎಲ್ಲಿದೆ ಅಂತ ಗೊತ್ತಿರೋದಿಲ್ಲ. ಫಾರ್ಮ್ಯಾಟ್ ಅಂದರೆ ಎಲ್ಲಾ ಅಳಿಸಿಹೋಗುತ್ತೆ ಅಂತಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಉಳಿದವರು ಇವತ್ತೇ ಒಂದು ಕೆಲಸ ಮಾಡಿ. ಈಚಿನ ಎಷ್ಟೋ ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದರೆ ಕೀ ಇಲ್ಲದೆ ಓದೋಕಾಗದ ಹಾಗೆ ಬೀಗ ಬಿದ್ದಿರುತ್ತೆ. ಕೆಟ್ಟಾಗ 48 ಅಂಕಿಯ ಬಿಟ್‌ಲಾಕರ್ (ವಿಂಡೋಸಿನ ಆ ಬೀಗದ ಹೆಸರು) ರಿಕವರಿ ಕೀ ಕೇಳುತ್ತೆ. ಅದಿಲ್ಲದೆ ನಾನು ಮಾಡಿದ ಹಾಗೆ ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿದರೂ ಫೈಲ್ ಸಿಗೋದಿಲ್ಲ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತೆ. ಹುಡುಕಿ, ಕಾಗದದ ಮೇಲೆ ಬರೆದಿಡಿ. ಅಪ್ಪ ಅಮ್ಮನ ಕಂಪ್ಯೂಟರಿನದ್ದೂ.